ಜಾನ್ ನ್ಯೂಟನ್ನನ ಪಶ್ಚಾತ್ತಾಪ

ಕನ್ನಡ ಬೈಬಲನ್ನು ಅದರ ಭಾಷೆಗಾಗಿ ಓದುವ ಅಭ್ಯಾಸ ನನಗೆ ವಿದ್ಯಾರ್ಥಿದೆಸೆಯಿಂದಲೂ ಉಂಟು. ನಾನು ಕ್ರೈಸ್ತಮತದವನಲ್ಲ. ಎಂ.ಎ. ತರಗತಿಯಲ್ಲಿದ್ದಾಗ ಕಿಟ್ಟೆಲ್ಲರ ನಿಘಂಟಿನ ಬೆನ್ನು ಹತ್ತಿ ಹೊರಟವನು ಮಿಷನರಿಗಳ ಗದ್ಯದತ್ತ ಸರಿದು, ಅಲ್ಲಿಂದ ಬೈಬಲಿಗೆ ಬಂದು ಸೇರಿದೆ. 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ 1831ರ ವೇಳೆಗೆ ಬೈಬಲು ಸಮಗ್ರವಾಗಿ ಕನ್ನಡಕ್ಕೆ ಬಂದಿತು. 1834ರಲ್ಲಿ ಮಂಗಳೂರಿನಲ್ಲಿ ಇಳಿದ ಬಾಸೆಲ್ ಮಿಷನ್ನಿನವರು ಆ ಮೇಲೆ ಅದನ್ನು ತಿದ್ದುವ ಕೆಲಸದಲ್ಲಿ ಕೈಯಿಟ್ಟರು. ಗ್ರೀಕಿನ ಒಂದು ಮಾತಿಗೆ, ಹೀಬ್ರೂವಿನ ಒಂದು ಮಾತಿಗೆ ಕನ್ನಡದಲ್ಲಿ ಸಮನಾದುದನ್ನು ಹುಡುಕಿ ಆ ಜನ ಎಷ್ಟು ರಾತ್ರಿ ದೀಪದ ಎಣ್ಣೆ ಉರಿಸಿರಬೇಕೆಂಬುದನ್ನು ಅನುವಾದದ ಕೆಲಸಕ್ಕೆ ಒಮ್ಮೆಯಾದರೂ ಕೈಹಾಕಿದವರು ಊಹಿಸಬಲ್ಲರು.

ಹೀಗೆ ಅವರಿಗೆ ತೊಡಕಾಗಿ ಕಾಡಿರಬಹುದಾದ ಮಾತುಗಳಲ್ಲಿ ಒಂದು, ಗ್ರೀಕಿನಲ್ಲಿ ‘ಮೆತಾನೋಯಿಯ’ ಎಂಬುದು. ಪಾಪಿಯಾದವನು ಪಾಪವನ್ನು ಬಿಟ್ಟು ದೇವರನ್ನು ಸೇರುವ ಹೊಸಿಲಿನ ಹೆಸರು ಅದು. ಅಕ್ಷರಾರ್ಥದಲ್ಲಿ, ಮನಸ್ಸು ಬೇರೆಯಾಗುವುದು. ಕನ್ನಡ ಕ್ರೈಸ್ತರ ಬಳಕೆಯಲ್ಲಿ ಇದಕ್ಕೆ ಮೂರು ಮಾತುಗಳು ನಿಂತಿವೆ. ‘ಮಾನಸಾಂತರ’ ಎಂಬುದು ಗ್ರೀಕಿಗೆ ನೇರವಾಗಿ ನಡೆದುಕೊಂಡ ಮಾತು. ‘ದೇವರ ಕಡೆಗೆ ತಿರುಗಿಕೊಳ್ಳುವುದು’ ಎಂಬುದು ಹೀಬ್ರೂ ಪ್ರವಾದಿಗಳ ಮಾತಿಗೆ ಹತ್ತಿರವಾದದ್ದು. ಅಲ್ಲಿ ಮನಸ್ಸಿಗಿಂತ ಕಾಲಿಗೆ ಕೆಲಸ, ದಾರಿ ತಪ್ಪಿದವನು ಹಿಂದಿರುಗಬೇಕು. ಮೂರನೆಯದು ನಮಗೆಲ್ಲ ಗುರುತಿರುವ ‘ಪಶ್ಚಾತ್ತಾಪ’. ಇದು ಸಂಸ್ಕೃತದ ಮಾತು. ಪಶ್ಚಾತ್ ಎಂದರೆ ಆಮೇಲೆ, ತಾಪವೆಂದರೆ ಬೇಗೆ. ಮಾಡುವಾಗ ತಣ್ಣಗಿದ್ದದ್ದು ಆಮೇಲೆ ಸುಡುತ್ತದೆ.

ಈ ಮೂರನ್ನೂ ಪರ್ಯಾಯ ಪದಗಳೆಂದು ನಾನು ಬಹುಕಾಲ ತಿಳಿದಿದ್ದೆ, ತರಗತಿಯಲ್ಲಿ ಹಾಗೆಯೇ ಹೇಳುತ್ತಲೂ ಇದ್ದೆ. ಅವು ಪರ್ಯಾಯಗಳಲ್ಲ, ಒಬ್ಬನೇ ಮನುಷ್ಯನ ಬಾಳಿನಲ್ಲಿ ಇವು ಮೂರೂ ಬೇರೆ ಬೇರೆ ಕಾಲಕ್ಕೆ, ಹತ್ತಾರು ವರ್ಷಗಳ ಅಂತರದಲ್ಲಿ ಬರಬಹುದೆಂಬುದು ನನಗೆ ತಿಳಿದದ್ದು ಜಾನ್ ನ್ಯೂಟನ್ ಎಂಬ ಆಂಗ್ಲ ನಾವಿಕನ ಜೀವನವನ್ನು ಓದಿದಾಗ. ಗುರುತ್ವಾಕರ್ಷಣೆಯ ನ್ಯೂಟನ್ ಬೇರೆ; ಇವನು ‘ಅಮೇಜಿಂಗ್ ಗ್ರೇಸ್’ ಎಂಬ ಲೋಕಪ್ರಸಿದ್ಧ ಕೀರ್ತನೆಯನ್ನು ಬರೆದವನು.

ಇವನ ವಿಷಯಕ್ಕೆ ಬರುವ ಮುನ್ನ ಒಂದು ತಪ್ಪು ತಿಳಿವಳಿಕೆಯನ್ನು ಪಕ್ಕಕ್ಕಿಡಬೇಕು. ಕ್ರೈಸ್ತನಾಗುವುದೆಂದರೆ ಹಳೆಯ ಹೆಸರನ್ನು ಬಿಟ್ಟು ಹೊಸ ಹೆಸರನ್ನು ಹೊದೆಯುವುದು, ಅದರೊಂದಿಗೆ ಹಳೆಯ ಲೆಕ್ಕವೂ ಚುಕ್ತಾ ಎಂದು ನಮ್ಮಲ್ಲಿ ಅನೇಕರ ಎಣಿಕೆ. ಇದಕ್ಕೆ ಅವರು ಕೊಡುವ ದೃಷ್ಟಾಂತ ಪೌಲನದು. ದಮಸ್ಕದ ದಾರಿಯಲ್ಲಿ ಬೆಳಕನ್ನು ಕಂಡ ಸೌಲನು ಅಂದಿನಿಂದ ಪೌಲನಾದನು ಎಂದು ಓದಿದವರೂ ಹೇಳುವುದುಂಟು. ‘ಅಪೊಸ್ತಲರ ಕೃತ್ಯಗಳು’ ಗ್ರಂಥವನ್ನು ತೆರೆದು ನೋಡಿದರೆ ಹಾಗಿಲ್ಲ. ದಮಸ್ಕದ ಪ್ರಸಂಗ ಒಂಬತ್ತನೆಯ ಅಧ್ಯಾಯದಲ್ಲಿದೆ. ಆಮೇಲೆಯೂ ಅವನು ಸೌಲನೇ. ಹದಿಮೂರನೆಯ ಅಧ್ಯಾಯದಲ್ಲಿ, ಸೈಪ್ರಸ್ ದ್ವೀಪದಲ್ಲಿರುವಾಗ, ಸೌಲನಿಗೆ ಪೌಲನೆಂಬ ಹೆಸರೂ ಇತ್ತೆಂದು ಮಾತ್ರ ಬರುತ್ತದೆ. ಒಂದು ಯೆಹೂದ್ಯರ ನಡುವಿನ ಹೆಸರು, ಇನ್ನೊಂದು ರೋಮನರ ನಡುವಿನದು. ಕ್ರಿಸ್ತನಲ್ಲಿರುವವನು ‘ನೂತನ ಸೃಷ್ಟಿ’ ಎಂದು ಕೊರಿಂಥದವರಿಗೆ ಬರೆದ ಇದೇ ಪೌಲನು, ತಾನು ಕ್ರಿಸ್ತನ ಸಭೆಯನ್ನು ಹಿಂಸಿಸಿದವನೆಂಬುದನ್ನು ತನ್ನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತಾನೆ. ಹಿಂದಿನದನ್ನು ಮರೆತು ಮುಂದಿನದಕ್ಕೆ ಕೈ ನೀಡುತ್ತೇನೆಂದವನೂ ಅವನೇ. ಎರಡೂ ಒಂದೇ ಬಾಯಿಂದ ಹೇಗೆ ಬಂದವೆಂಬುದು ಯೋಚಿಸತಕ್ಕ ವಿಷಯ. ನಮ್ಮ ವಚನಕಾರರಲ್ಲಿಯೂ ಕನ್ನದ ಮಾರಿತಂದೆ ಎಂಬ ಶರಣನೊಬ್ಬನಿದ್ದಾನೆ. ಮೊದಲು ಕನ್ನಗಳ್ಳನಾಗಿದ್ದನೆಂದು ಐತಿಹ್ಯ. ಶರಣನಾದ ಮೇಲೆ ಆ ‘ಕನ್ನ’ವನ್ನು ಹೆಸರಿನಿಂದ ಅಳಿಸಿಹಾಕಬೇಕೆಂದು ಅವನಿಗಾಗಲಿ ಅವನ ಸಂಗಡಿಗರಿಗಾಗಲಿ ತೋರಲಿಲ್ಲ.

ಇನ್ನು ನ್ಯೂಟನ್. ಅವನು ಹುಟ್ಟಿದ್ದು 1725ರಲ್ಲಿ, ಲಂಡನ್ನಿನ ವಾಪಿಂಗ್ ಎಂಬ ಹಡಗುಕಟ್ಟೆಯ ಕೇರಿಯಲ್ಲಿ. ತಂದೆ ವ್ಯಾಪಾರದ ಹಡಗಿನ ಕಪ್ತಾನ. ತಾಯಿ ದೈವಭಕ್ತೆ, ಮಗನಿಗೆ ಬೈಬಲಿನ ಪಾಠವನ್ನೂ ಕೀರ್ತನೆಗಳನ್ನೂ ಬಾಯಿಪಾಠ ಮಾಡಿಸಿದವಳು. ಮಗುವಿಗೆ ಏಳು ತುಂಬುವ ಮೊದಲೇ ಆಕೆ ತೀರಿಕೊಂಡಳು. ಹನ್ನೊಂದನೆಯ ವಯಸ್ಸಿಗೆ ಹುಡುಗ ತಂದೆಯೊಡನೆ ಕಡಲಿಗಿಳಿದನು. 1744ರಲ್ಲಿ ಅವನನ್ನು ಬಲಾತ್ಕಾರದಿಂದ ನೌಕಾಸೈನ್ಯಕ್ಕೆ ಹಿಡಿದೊಯ್ದರು. ಓಡಿಹೋಗಲೆತ್ನಿಸಿ ಸಿಕ್ಕಿಬಿದ್ದು ಛಡಿಯೇಟು ತಿಂದನು. ಆ ದಿನಗಳಲ್ಲಿ ಅವನಿಗೆ ದೇವರ ನಿಂದೆಯೇ ಊಟ, ನಿಂದೆಯೇ ನಿದ್ದೆ. ನಾವಿಕರೂ ಕೇಳಿ ಬೆಚ್ಚುವಂಥ ಬಾಯಿ. ಕೊನೆಗೆ ಗಿನಿ ಕರಾವಳಿಗೆ ಹೋಗುತ್ತಿದ್ದ ಹಡಗೊಂದಕ್ಕೆ ಅವನನ್ನು ದಾಟಿಸಿದರು. ಗಿನಿಗೆ ಹೋಗುವ ಹಡಗೆಂದರೆ ಅಂದಿನ ಮಾತಿನಲ್ಲಿ ಗುಲಾಮರನ್ನು ತರಲು ಹೋಗುವ ಹಡಗು.

ಸಿಯೆರಾ ಲಿಯೋನ್ ಕಡೆಯ ಪ್ಲಾಂಟೇನ್ ದ್ವೀಪಗಳಲ್ಲಿ ಅವನು ಕ್ಲೌ ಎಂಬ ಗುಲಾಮರ ವ್ಯಾಪಾರಿಯ ಕೈಕೆಳಗೆ ಸೇರಿದನು. ಅಲ್ಲಿ ಜ್ವರ ಬಂದು ಮಲಗಿದನು. ಕ್ಲೌ ಊರಲ್ಲಿಲ್ಲ, ಆ ನೆಲದವಳೇ ಆದ ಅವನ ಹೆಂಡತಿಗೆ ಈ ಬಿಳಿಯನನ್ನು ಕಂಡರಾಗದು. ನೀರಿಗೂ ಗತಿಯಿಲ್ಲದ ಸ್ಥಿತಿ. ಕೆಲವು ತಿಂಗಳು ನ್ಯೂಟನ್ ಬಹುಮಟ್ಟಿಗೆ ಗುಲಾಮನಂತೆಯೇ ಬಾಳಿದನು. ಅಷ್ಟರಲ್ಲಿಯೂ ಅವನ ಬಳಿ ಒಂದು ಪುಸ್ತಕ ಉಳಿದಿತ್ತು, ಯೂಕ್ಲಿಡ್ಡನ ರೇಖಾಗಣಿತ. ಕಡಲ ತೀರಕ್ಕೆ ಹೋಗಿ ಉದ್ದದ ಕೋಲಿನಿಂದ ಮರಳಿನ ಮೇಲೆ ಅದರ ಚಿತ್ರಗಳನ್ನು ಬರೆಯುತ್ತ ದುಃಖವನ್ನು ಮರೆಯುತ್ತಿದ್ದನಂತೆ. ಮುಂದೆ ತನ್ನ ಕಥೆಯನ್ನು ತಾನೇ ಬರೆದಾಗ ಅವನು ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾನೆ. ಹಸಿದು ಬಿದ್ದಿದ್ದ ತನಗೆ, ಸಂಕೋಲೆಯಲ್ಲಿದ್ದ ಗುಲಾಮರು ಯಾರಿಗೂ ಕಾಣದಂತೆ ತಮ್ಮ ಪಾಲಿನ ಅಲ್ಪ ಆಹಾರದಲ್ಲಿಯೇ ಒಂದಿಷ್ಟನ್ನು ತಂದು ಕೊಡುತ್ತಿದ್ದರು ಎಂದು. ಓದುಗರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ತಂದೆಯ ಕೋರಿಕೆಯಂತೆ ‘ಗ್ರೇಹೌಂಡ್’ ಎಂಬ ಹಡಗು ಅವನನ್ನು ಹತ್ತಿಸಿಕೊಂಡಿತು. 1748ರ ಮಾರ್ಚಿಯಲ್ಲಿ, ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ, ರಾತ್ರಿಯ ಹೊತ್ತು ಬಿರುಗಾಳಿ ಎದ್ದು ಹಡಗಿನ ಒಂದು ಮಗ್ಗುಲೇ ಒಡೆದುಹೋಯಿತು. ಮಲಗಿದ್ದ ನ್ಯೂಟನ್ ಎದ್ದು ಮೇಲಕ್ಕೆ ಹತ್ತುತ್ತಿದ್ದಾಗ ಕಪ್ತಾನನು ಒಂದು ಚಾಕು ತಾ ಎಂದನು. ಇವನು ಅದನ್ನು ತರಲು ಹಿಂದಿರುಗಿದ ಕ್ಷಣದಲ್ಲಿ ಇವನ ಬದಲು ಮೇಲೇರಿದ ಇನ್ನೊಬ್ಬನನ್ನು ಅಲೆ ಎಳೆದುಕೊಂಡು ಹೋಯಿತು. ನಸುಕಿನ ಮೂರು ಗಂಟೆಯಿಂದ ನಡುಹಗಲಿನವರೆಗೆ ನ್ಯೂಟನ್ ನೀರೆತ್ತುವ ಪಂಪಿನ ಬಳಿ ದುಡಿದನು. ನಿಲ್ಲಲಾರದಷ್ಟು ದಣಿದ ಮೇಲೆ ಚುಕ್ಕಾಣಿಯನ್ನು ಹಿಡಿದು ನಡುರಾತ್ರಿಯವರೆಗೂ ನಿಂತನು. ದೇವರ ಕರುಣೆಯ ಮಾತು ವರ್ಷಗಳ ತರುವಾಯ ಅವನ ಬಾಯಿಂದ ತಾನಾಗಿ ಹೊರಟಿದ್ದು ಅಂದು. ನನ್ನಂಥವನಿಗೆ ಎಲ್ಲಿಯ ಕರುಣೆ ಎಂದು ಆ ಒಡನೆಯೇ ತನ್ನನ್ನು ತಾನೇ ಕೇಳಿಕೊಂಡನೆಂದೂ ಬರೆದಿದ್ದಾನೆ. ಹಡಗಿನಲ್ಲಿದ್ದ ಜೇನುಮೇಣವೂ ಹಗುರವಾದ ಮರವೂ ನೀರಿನಲ್ಲಿ ತೇಲುವ ಸರಕಾದ್ದರಿಂದ ಅದು ಮುಳುಗಲಿಲ್ಲ. ಇವನೇ ಯೋನ, ಇವನಿಂದಲೇ ಈ ಕೇಡು ಎಂದು ಕಪ್ತಾನನು ಗೊಣಗುತ್ತಿದ್ದನು. ಏಪ್ರಿಲ್ 8ರಂದು ಐರ್ಲೆಂಡಿನ ತೀರ ಸಿಕ್ಕಿತು. ಮಾರ್ಚಿ 21ನೆಯ ದಿನವನ್ನು ನ್ಯೂಟನ್ ಬದುಕಿರುವ ತನಕ ತನ್ನ ಹೊಸ ಹುಟ್ಟಿನ ದಿನವೆಂದು ಆಚರಿಸಿದನು.

ಇಲ್ಲಿಗೆ ಕಥೆಯನ್ನು ಮುಗಿಸುವವರೇ ಹೆಚ್ಚು. ಭಕ್ತಿಸಭೆಗಳಲ್ಲಿ ಹೇಳುವ ರೂಪದಲ್ಲಿ, ಗುಲಾಮರ ವ್ಯಾಪಾರಿಯೊಬ್ಬನು ಬಿರುಗಾಳಿಯಲ್ಲಿ ದೇವರನ್ನು ಕಂಡು, ಆ ಹೇಯ ವ್ಯಾಪಾರವನ್ನು ತೊರೆದು, ಕೀರ್ತನೆಯನ್ನು ಬರೆದನು. ಕೇಳಲು ಚೆನ್ನಾಗಿದೆ. ನಡೆದದ್ದು ಬೇರೆ. ಬಿರುಗಾಳಿಯ ವರ್ಷವೇ ಅವನು ಗುಲಾಮರನ್ನು ಸಾಗಿಸುವ ಇನ್ನೊಂದು ಹಡಗಿಗೆ ಮೇಟಿಯಾಗಿ ಸೇರಿದನು. 1750ರಲ್ಲಿ, ಹದಿಹರೆಯದಿಂದ ಪ್ರೀತಿಸಿದ್ದ ಮೇರಿಯನ್ನು ಮದುವೆಯಾಗಿ, ಅದೇ ವರ್ಷ ‘ಡ್ಯೂಕ್ ಆಫ್ ಆರ್ಗೈಲ್’ ಹಡಗಿನ ಕಪ್ತಾನನಾದನು. ಆಮೇಲೆ ‘ಆಫ್ರಿಕನ್’ ಎಂಬ ಹಡಗಿನಲ್ಲಿ ಎರಡು ಯಾನ. ನೂತನ ಸೃಷ್ಟಿಯಾದ ಮನುಷ್ಯನೇ ಸಂಕೋಲೆಯ ಬೀಗದಕೈಯನ್ನು ಸೊಂಟಕ್ಕೆ ಕಟ್ಟಿಕೊಂಡನು.

ಅವನ ಆ ಕಾಲದ ದಿನಚರಿ ಉಳಿದುಬಂದಿದೆ, 1962ರಲ್ಲಿ ಅಚ್ಚಾಯಿತು. ಗಾಳಿ, ಹಾಯಿ, ಸರಕು, ಬೆಲೆ, ಎಲ್ಲವನ್ನೂ ಒಪ್ಪವಾಗಿ ಬರೆದಿದ್ದಾನೆ. ಸತ್ತ ಗುಲಾಮರನ್ನು ಬರೆಯುವಾಗ ಹೆಸರಿಲ್ಲ, ಗಂಡಸೋ ಹೆಂಗಸೋ ಮಗುವೋ ಎಂಬುದರ ಮುಂದೆ ಒಂದು ಅಂಕಿ. ಇಂಥ ಸಂಖ್ಯೆಯವನನ್ನು ಕಡಲಿಗೆ ಹಾಕಿದೆವು, ಅಷ್ಟೆ. ದಂಗೆಯ ಸಂಶಯ ಬಂದಾಗ ಹುಡುಗರ ಹೆಬ್ಬೆರಳುಗಳನ್ನು ತಿರುಪಿನ ಕಬ್ಬಿಣಕ್ಕೆ ಸಿಕ್ಕಿಸಿ ನಿಜ ಹೇಳಿಸಿದ್ದನ್ನೂ ಬರೆದಿದ್ದಾನೆ, ಅದೇ ಒಪ್ಪವಾದ ಕೈಬರಹದ ಗತಿಯಲ್ಲಿ. ಇದೇ ಕಪ್ತಾನನು ಭಾನುವಾರ ಭಾನುವಾರ ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದನು. ಬಿಡುವಿನಲ್ಲಿ ಲ್ಯಾಟಿನ್ ಕಲಿಯುತ್ತಿದ್ದನು. ಹೆಂಡತಿಗೆ ಸೊಗಸಾದ ಪ್ರೇಮಪತ್ರಗಳನ್ನು ಬರೆಯುತ್ತಿದ್ದನು. ಹಲಗೆಯೊಂದರ ಮೇಲೆ ಪ್ರಾರ್ಥನೆ, ಅದೇ ಹಲಗೆಯ ಕೆಳಗೆ ಆ ಜನ. ಅವನನ್ನು ಕಪಟಿಯೆಂದು ಕರೆದುಬಿಟ್ಟರೆ ಓದುಗನಿಗೆ ಸುಲಭವಾಗುತ್ತದೆ. ನನಗೆ ಹಾಗೆ ತೋರುವುದಿಲ್ಲ. ಕಪಟಿಗೆ ತನ್ನ ಎರಡು ಮುಖಗಳೂ ಗೊತ್ತಿರುತ್ತವೆ. ನ್ಯೂಟನ್ನನಿಗೆ ಎರಡನೆಯದು ಕಾಣಿಸಲೇ ಇಲ್ಲ. ಬಯ್ಗುಳವನ್ನು ಬಿಟ್ಟನು, ಕುಡಿತವನ್ನು ಬಿಟ್ಟನು, ನಿರೀಶ್ವರವಾದವನ್ನು ಬಿಟ್ಟನು. ಪಾಪವೆಂದು ಅವನಿಗೆ ಕಲಿಸಿದ್ದ ಪಟ್ಟಿಯಲ್ಲಿದ್ದದ್ದನ್ನೆಲ್ಲ ಬಿಟ್ಟನು. ಗುಲಾಮರ ವ್ಯಾಪಾರ ಆ ಪಟ್ಟಿಯಲ್ಲಿ ಇರಲಿಲ್ಲ. ಇಂಗ್ಲೆಂಡಿನಲ್ಲಿ ಅದು ಮರ್ಯಾದಸ್ಥರ ಉದ್ಯೋಗವೆನಿಸಿಕೊಂಡಿತ್ತು. ಕ್ವೇಕರ್ ಪಂಥದ ಕೆಲವರನ್ನು ಬಿಟ್ಟರೆ ಅದು ಪಾಪವೆಂದು ಹೇಳುವವರು ವಿರಳ.

1754ರಲ್ಲಿ, ಇನ್ನೆರಡು ದಿನಕ್ಕೆ ಹಡಗು ಹೊರಡಬೇಕೆನ್ನುವಾಗ, ಚಹ ಕುಡಿಯುತ್ತ ಕುಳಿತವನಿಗೆ ಇದ್ದಕ್ಕಿದ್ದಂತೆ ಸೆಳವು ಬಂದು ಪ್ರಜ್ಞೆ ತಪ್ಪಿತು. ವೈದ್ಯರು ಕಡಲು ಬೇಡವೆಂದರು. ಅವನು ಆ ಕಸಬನ್ನು ಬಿಟ್ಟದ್ದು ಹೀಗೆ, ಆತ್ಮಸಾಕ್ಷಿಯಿಂದಲ್ಲ, ಅನಾರೋಗ್ಯದಿಂದ. ಅನಂತರ ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದು, ಗ್ರೀಕ್ ಹೀಬ್ರೂ ಕಲಿತು, 1764ರಲ್ಲಿ ಪಾದ್ರಿಯಾಗಿ ಓಲ್ನಿ ಎಂಬ ಊರಿಗೆ ಹೋದನು. ಅದು ಜಾಲರಿಯ ಕಸೂತಿ ನೇಯುವ ಬಡವರ ಊರು. ಅದೇ ವರ್ಷ ಹದಿನಾಲ್ಕು ಪತ್ರಗಳ ರೂಪದಲ್ಲಿ ಅವನ ಆತ್ಮಕಥೆ ಪ್ರಕಟವಾಯಿತು. ಅದರಲ್ಲಿ ತನ್ನನ್ನು ಪಾಪಿಯೆಂದು ಎಷ್ಟು ಬಗೆಯಲ್ಲಿ ಕರೆದುಕೊಂಡಿದ್ದಾನೆಂದರೆ ಓದುವವನಿಗೆ ಸಂಕೋಚವಾಗುತ್ತದೆ. ಆದರೆ ಗುಲಾಮರ ವ್ಯಾಪಾರದ ವಿಷಯದಲ್ಲಿ ಮಾತ್ರ, ಆಗ ಅದು ತಪ್ಪೆಂಬ ಶಂಕೆಯೇ ತನಗೆ ಬರಲಿಲ್ಲ, ಸೆರೆಮನೆಯ ಕಾವಲಿನ ಕೆಲಸದಂತೆ ಮನಸ್ಸಿಗೆ ಒಗ್ಗದಿತ್ತು ಎಂಬಷ್ಟೇ ಧಾಟಿ. ಮಾನಸಾಂತರವಾಗಿ ಹದಿನಾರು ವರ್ಷ ಕಳೆದಿತ್ತು.

ಓಲ್ನಿಯಲ್ಲಿ ಅವನ ನೆರೆಮನೆಗೆ ವಿಲಿಯಂ ಕೂಪರ್ ಎಂಬ ಕವಿ ಬಂದು ನೆಲೆಸಿದನು. ಅತ್ಯಂತ ಮೃದು ಹೃದಯದವನು. ಮುಂದೆ ಮೊಲಗಳನ್ನು ಸಾಕಿಕೊಂಡು ಅವುಗಳ ಮೇಲೆ ಬರೆದವನು. ಇಬ್ಬರೂ ಸೇರಿ ಆ ಊರಿನ ಜನಕ್ಕಾಗಿ ಕೀರ್ತನೆಗಳನ್ನು ರಚಿಸಿದರು; 1779ರಲ್ಲಿ ಅವು ಪುಸ್ತಕವಾದವು. ‘ಅಮೇಜಿಂಗ್ ಗ್ರೇಸ್’ ಹುಟ್ಟಿದ್ದು 1773ರ ಹೊಸವರ್ಷದ ದಿನದ ಉಪದೇಶಕ್ಕೆಂದು. ದೇವರೇ, ಇಷ್ಟು ದೂರ ನನ್ನನ್ನು ಕರೆತರಲು ನಾನೆಷ್ಟರವನು ಎಂದು ದಾವೀದ ಅರಸನು ಮಾಡುವ ಪ್ರಾರ್ಥನೆ ಅಂದಿನ ಪಾಠ. ಅದೇ ಜನವರಿಯಲ್ಲಿ ಕೂಪರನ ಚಿತ್ತ ಕದಡಿತು. ದೇವರು ತನ್ನನ್ನು ಎಂದೆಂದಿಗೂ ತಳ್ಳಿಬಿಟ್ಟನೆಂಬ ಭ್ರಾಂತಿ ಹಿಡಿದು, ಸಾಯುವ ತನಕ ಅವನು ಮತ್ತೆ ಆ ದೇವಾಲಯದೊಳಕ್ಕೆ ಕಾಲಿಡಲಿಲ್ಲ. ನ್ಯೂಟನ್ ಅವನನ್ನು ತಿಂಗಳುಗಟ್ಟಲೆ ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಂಡನು. ಮನುಷ್ಯರನ್ನು ಮಾರಿದವನಿಗೆ ಕ್ಷಮೆ ದೊರೆತ ಭರವಸೆ. ಇರುವೆಗೂ ನೋವು ಮಾಡದವನಿಗೆ ಆ ಬಾಗಿಲು ಕಾಣದು. ಕ್ರೈಸ್ತರು ಕೃಪೆಯೆಂದು ಕರೆಯುವುದು ಯೋಗ್ಯತೆಯ ಸಂಬಳವಲ್ಲ ಎಂಬುದು ಇದರಿಂದ ತಿಳಿಯುತ್ತದೆ, ನಿಜ. ಆದರೂ ಈ ಎರಡು ಮನೆಗಳನ್ನು ಅಕ್ಕಪಕ್ಕದಲ್ಲಿ ಕಲ್ಪಿಸಿಕೊಂಡಾಗ ನನ್ನ ಮನಸ್ಸು ಸುಲಭವಾಗಿ ಸಮಾಧಾನಕ್ಕೆ ಬರುವುದಿಲ್ಲ.

ತಾಪ ಬಂದದ್ದು ಬಹಳ ಆಮೇಲೆ. 1780ರ ಹೊತ್ತಿಗೆ ನ್ಯೂಟನ್ ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ದೇವಾಲಯಕ್ಕೆ ಬಂದಿದ್ದನು. 1785ರಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ಯುವಕ, ಪಾರ್ಲಿಮೆಂಟಿನ ಸದಸ್ಯ, ಗುಟ್ಟಾಗಿ ಅವನನ್ನು ನೋಡಲು ಬಂದನು. ಧರ್ಮದ ಕಡೆಗೆ ತಿರುಗಿದ್ದ ತಾನು ರಾಜಕಾರಣವನ್ನು ಬಿಡಬೇಕೆ ಎಂಬುದು ಅವನ ಪ್ರಶ್ನೆ. ಬಿಡಬೇಡ, ದೇವರು ನಿನ್ನನ್ನು ಅಲ್ಲಿಯೇ ಬಳಸಿಕೊಂಡಾನು ಎಂದನು ಮುದುಕ. ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಚಳವಳಿ ಎದ್ದಾಗ ಅದನ್ನು ಒಳಗಿನಿಂದ ಕಂಡು ಹೇಳಬಲ್ಲ ಸಾಕ್ಷಿ ಬೇಕಾಗಿತ್ತು. 1788ರಲ್ಲಿ ನ್ಯೂಟನ್ ಆಫ್ರಿಕದ ಗುಲಾಮರ ವ್ಯಾಪಾರದ ಬಗೆಗೆ ಒಂದು ಸಣ್ಣ ಪುಸ್ತಕವನ್ನು ಬರೆದು ಪ್ರಕಟಿಸಿದನು. ತನ್ನ ಈ ಒಪ್ಪಿಗೆ ಬಹಳ ತಡವಾಗಿ ಬಂದಿದೆಯೆಂದು ಅದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಈಗ ನೆನೆದರೆ ಎದೆ ನಡುಗುವ ಕೆಲಸಕ್ಕೆ ತಾನೇ ಒಮ್ಮೆ ಕೈಯಾಗಿದ್ದೆನೆಂಬುದು ಸಾಯುವ ತನಕ ತನ್ನನ್ನು ತಗ್ಗಿಸುವ ನೆನಪೆಂದಿದ್ದಾನೆ. ಹಡಗಿನ ತಳದಲ್ಲಿ ಜನರನ್ನು ಕಪಾಟಿನ ಪುಸ್ತಕಗಳಂತೆ ಒತ್ತೊತ್ತಾಗಿ ಜೋಡಿಸುವ ಬಗೆ, ಅಳುವ ಕೂಸನ್ನು ತಾಯಿಯ ಕೈಯಿಂದ ಕಿತ್ತು ಕಡಲಿಗೆಸೆದ ಒಬ್ಬ ಮೇಟಿಯ ಸಂಗತಿ, ಹೆಂಗಸರ ಮೇಲಿನ ಅತ್ಯಾಚಾರ, ಎಲ್ಲವೂ ಅಲ್ಲಿವೆ. ಪುಸ್ತಕ ಪಾರ್ಲಿಮೆಂಟಿನ ಸದಸ್ಯರಿಗೆ ತಲುಪಿತು. ಸರ್ಕಾರದ ವಿಚಾರಣಾ ಸಮಿತಿಯ ಮುಂದೆಯೂ ಅವನು ನಿಂತು ಸಾಕ್ಷಿ ನುಡಿದನು. ಬಿರುಗಾಳಿಯಿಂದ ಎಣಿಸಿದರೆ ನಲವತ್ತು ವರ್ಷ. ಕಡಲನ್ನು ಬಿಟ್ಟಂದಿನಿಂದ ಮೂವತ್ತನಾಲ್ಕು.

ಈ ಮೂವತ್ತನಾಲ್ಕು ವರ್ಷಗಳ ಮೌನವನ್ನು ತೂಗುವಾಗಲೆಲ್ಲ ನನ್ನ ಕೈ ತಡೆಯುತ್ತದೆ, ಕಾರಣವನ್ನು ಹೇಳಿಬಿಡುತ್ತೇನೆ. ನಾನು ಅಧ್ಯಾಪಕನಾದ ಎರಡನೆಯ ವರ್ಷ, ಪರೀಕ್ಷೆಯ ಕೊಠಡಿಯಲ್ಲಿ, ಒಬ್ಬ ಹುಡುಗನ ಕಾಲ ಬಳಿ ಬಿದ್ದಿದ್ದ ಚೀಟಿಯನ್ನು ಅವನದೇ ಎಂದು ತೀರ್ಮಾನಿಸಿ ಅವನನ್ನು ಹೊರಗೆ ಕಳುಹಿಸಿದೆ. ಅವನು ಅತ್ತನು, ನಾನು ವರದಿಯನ್ನು ಬರೆದೆ. ಚೀಟಿ ಹಿಂದಿನ ಬೆಂಚಿನವನದೆಂದು ಕೆಲವು ತಿಂಗಳ ಮೇಲೆ ಆ ಹಿಂದಿನ ಬೆಂಚಿನವನೇ ನಗುತ್ತ ಹೇಳಿದನು. ಅಷ್ಟರಲ್ಲಿ ಮೊದಲಿನ ಹುಡುಗ ಓದನ್ನು ಬಿಟ್ಟು ಊರಿಗೆ ಹೋಗಿಯಾಗಿತ್ತು. ಅಂದಿನಿಂದ ನಾನು ಬೇರೆ ಬಗೆಯ ಅಧ್ಯಾಪಕನಾದೆನೆಂಬುದು ನಿಜ. ಹುಡುಗರ ಮಾತನ್ನು ಪೂರ್ತಿ ಕೇಳದೆ ಯಾವ ಕಾಗದಕ್ಕೂ ರುಜು ಹಾಕುವುದಿಲ್ಲ. ನನ್ನ ಈ ಸುಧಾರಣೆಯಿಂದ ಎಷ್ಟೋ ಹುಡುಗರಿಗೆ ಉಪಕಾರವಾಗಿದೆ, ಅವನೊಬ್ಬನನ್ನು ಬಿಟ್ಟು. ಅವನ ಊರು ನನಗೆ ಗೊತ್ತು. ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಇಪ್ಪತ್ತು ವರ್ಷವಾಯಿತು.

ಹೊಸ ಮನುಷ್ಯನಾಗುವುದು ಹಳೆಯ ಸಾಲದಿಂದ ತಪ್ಪಿಸಿಕೊಳ್ಳುವ ಉಪಾಯವೇ ಎಂಬ ಪ್ರಶ್ನೆಗೆ ಹೊಸ ಒಡಂಬಡಿಕೆಯಲ್ಲಿಯೇ ಎರಡು ಸಣ್ಣ ಪ್ರಸಂಗಗಳಿವೆ. ಒಂದು, ಜಕ್ಕಾಯನೆಂಬ ಸುಂಕದವನದು. ಯೇಸು ಅವನ ಮನೆಗೆ ತಾನಾಗಿ ಬಂದನು. ಯಾವ ಷರತ್ತನ್ನೂ ಹಾಕಲಿಲ್ಲ. ಜಕ್ಕಾಯನು ತಾನೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಿದ್ದರೆ ನಾಲ್ಕರಷ್ಟು ಹಿಂದಕ್ಕೆ ಎಂದನು. ಕ್ಷಮೆ ಮೊದಲು, ಲೆಕ್ಕ ಅನಂತರ. ಆದರೆ ಲೆಕ್ಕ ಉಂಟು. ಇನ್ನೊಂದು, ಪೌಲನು ಫಿಲೆಮೋನನಿಗೆ ಬರೆದ ಇಪ್ಪತ್ತೈದೇ ವಾಕ್ಯಗಳ ಪತ್ರಿಕೆ. ಫಿಲೆಮೋನನ ದಾಸನಾದ ಒನೇಸಿಮನು ಒಡೆಯನಿಂದ ಅಗಲಿ, ಸೆರೆಯಲ್ಲಿದ್ದ ಪೌಲನ ಬಳಿ ಸೇರಿ ಕ್ರಿಸ್ತನಂಬಿಕೆಗೆ ಬಂದಿದ್ದನು. ಒನೇಸಿಮ ಎಂದರೆ ಗ್ರೀಕಿನಲ್ಲಿ ಉಪಯುಕ್ತನೆಂದು ಅರ್ಥ. ಹಿಂದೆ ನಿರುಪಯುಕ್ತನಾಗಿದ್ದವನು ಈಗ ಹೆಸರಿಗೆ ತಕ್ಕವನಾದನೆಂದು ಪೌಲನು ಶ್ಲೇಷೆಯಾಡುತ್ತಾನೆ. ಇನ್ನು ಅವನನ್ನು ದಾಸನೆಂದಲ್ಲ, ಪ್ರಿಯ ಸಹೋದರನೆಂದು ಸೇರಿಸಿಕೊ ಎನ್ನುತ್ತಾನೆ. ಅವನಿಂದ ನಿನಗೆ ಏನಾದರೂ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೊ, ನಾನು ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದುಕೊಡುತ್ತಾನೆ. ಗುಲಾಮಗಿರಿಯನ್ನು ಕಿತ್ತುಹಾಕಬೇಕೆಂದು ಆ ಪತ್ರದಲ್ಲಿ ಇಲ್ಲವಲ್ಲ ಎಂದು ಆಕ್ಷೇಪಿಸುವವರುಂಟು, ಆಕ್ಷೇಪ ನ್ಯಾಯವಾದದ್ದೇ. ಗುಲಾಮರನ್ನಿಟ್ಟವರೂ ಬಿಡಿಸಿದವರೂ ಈ ಪುಟ್ಟ ಪತ್ರವನ್ನು ತಮ್ಮ ಕಡೆಗೆ ಎಳೆದುಕೊಂಡರು. ನ್ಯೂಟನ್ ಇದನ್ನು ಕಪ್ತಾನನಾಗಿದ್ದಾಗಲೂ ಓದಿರಲೇಬೇಕು. ಬೈಬಲನ್ನು ಅವನಷ್ಟು ಓದಿದವರು ಕಡಿಮೆ.

ಆಫ್ರಿಕದ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಶಾಸನ 1807ರ ಮಾರ್ಚಿ 25ರಂದು ಅಂಗೀಕಾರ ಪಡೆಯಿತು. ಗುಲಾಮಗಿರಿಯೇ ಬ್ರಿಟಿಷ್ ವಸಾಹತುಗಳಿಂದ ತೊಲಗಲು ಇನ್ನೂ ಕಾಲವಿತ್ತು. ನ್ಯೂಟನ್ನನ ಕಣ್ಣು ಆಗ ಬಹುಮಟ್ಟಿಗೆ ಹೋಗಿತ್ತು, ನೆನಪು ಮಾಸುತ್ತಿತ್ತು. ಆ ವರ್ಷ ಡಿಸೆಂಬರ್ 21ರಂದು ಅವನು ತೀರಿಕೊಂಡನು. ಅವನ ಕೀರ್ತನೆ ಇಂಗ್ಲೆಂಡಿನಲ್ಲಿ ಹೆಚ್ಚು ಹಬ್ಬಲಿಲ್ಲ. ಅಮೆರಿಕಕ್ಕೆ ಹೋಗಿ, 1835ರಲ್ಲಿ ಅಲ್ಲಿಯ ಒಂದು ಸಂಗೀತಗ್ರಂಥದಲ್ಲಿ ಇಂದು ನಾವು ಕೇಳುವ ಧಾಟಿಯೊಡನೆ ಕೂಡಿತು. ಗುಲಾಮರಾಗಿ ಸಾಗಿಸಲ್ಪಟ್ಟವರ ಸಂತತಿಯವರು ಅದನ್ನು ತಮ್ಮದನ್ನಾಗಿ ಮಾಡಿಕೊಂಡು ತಲೆತಲಾಂತರದಿಂದ ಹಾಡುತ್ತ ಬಂದಿದ್ದಾರೆ.

ಈ ವರ್ಷ ತರಗತಿಯಲ್ಲಿ ಮಿಷನರಿ ಗದ್ಯದ ಪಾಠ ಮಾಡುತ್ತ ಆ ಮೂರು ಪದಗಳನ್ನು ವಿವರಿಸಲು ನಾನು ಈ ಕಥೆಯನ್ನು ಹೇಳಿದೆ. ಪಾಠ ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸಾರ್, ಅವನಿಗೆ ಕದ್ದು ಊಟ ತಂದುಕೊಟ್ಟವರ ಹೆಸರನ್ನು ಎಲ್ಲಾದರೂ ಬರೆದಿದ್ದಾನೆಯೆ?” ಎಂದು ಕೇಳಿದಳು. ಅವನ ಆತ್ಮಕಥೆಯಲ್ಲಿ ಆ ಭಾಗವನ್ನು ಮತ್ತೊಮ್ಮೆ ತೆಗೆದು ನೋಡಿದೆ. ಬರೆದಿಲ್ಲ.